ಗೇಟಿನ ಪುಸ್ತಕದಲ್ಲಿ ಮನೆಯ ಬೀಗದ ಕೈ

ಕಾಡುಗೋಡಿಯ ಸುತ್ತಲಿನ ಸಾಫ್ಟ್‌ವೇರ್ ಕಚೇರಿಗಳಿಗೆ ಹೊರಗಿನವರು ಹೋದರೆ, ಗೇಟಿನಲ್ಲಿ ಕಾವಲುಗಾರ ಪುಸ್ತಕವೊಂದನ್ನು ಮುಂದಿಡುತ್ತಾನೆ. ಹೆಸರು, ಬಂದ ವೇಳೆ, ಕಾಣಬೇಕಾದವರ ಹೆಸರು ಬರೆದು ಸಹಿ ಹಾಕಬೇಕು. ಮನೆಯ ಬೀಗದ ಕೈಯನ್ನೂ ಅದರೊಳಗೆ ಇಟ್ಟುಹೋಗಿ ಎಂದರೆ ಯಾರೂ ಒಪ್ಪಲಾರರು. ಆದರೆ ಅದೇ ಕಚೇರಿಗಳ ಸರ್ವರ್‌ಗಳಲ್ಲಿ, ನಮಗೆ ಅರಿವಿಲ್ಲದೆಯೇ, ಇಂಥದ್ದು ನಡೆದುಬಿಡುವುದುಂಟು.

ಸರ್ವರ್ ಕೂಡ ಬಂದುಹೋದವರ ಲೆಕ್ಕ ಬರೆದಿಡುತ್ತದೆ. ಅದಕ್ಕೆ ‘ಲಾಗ್’ ಎಂದು ಹೆಸರು. ಹಲವು ವರ್ಷಗಳ ಹಿಂದೆ ಇಲ್ಲಿನ ಕಂಪನಿಯೊಂದರಲ್ಲಿದ್ದಾಗ, ದೋಷವೊಂದನ್ನು ಹುಡುಕಲು ಲಾಗ್ ತೆರೆದ ನನಗೆ ಗ್ರಾಹಕರ ಹೆಸರಿನ ಪಕ್ಕದಲ್ಲೇ ಅವರ ಪಾಸ್‌ವರ್ಡ್‌ಗಳು ಕಂಡವು. ಯಾರೂ ಕದ್ದಿರಲಿಲ್ಲ. ಪರೀಕ್ಷೆಗೆಂದು ಸೇರಿಸಿದ್ದ ಒಂದು ಸಾಲನ್ನು ತೆಗೆಯಲು ಮರೆತಿದ್ದರು, ಅಷ್ಟೇ.

ಇದು ಸಣ್ಣ ಕಂಪನಿಗಳ ಅಲಕ್ಷ್ಯ ಮಾತ್ರವಲ್ಲ. 2018ರ ಮೇ ತಿಂಗಳಲ್ಲಿ ಟ್ವಿಟರ್ ಇಂಥದೇ ದೋಷವನ್ನು ಒಪ್ಪಿಕೊಂಡು, ತನ್ನ 33 ಕೋಟಿ ಬಳಕೆದಾರರಿಗೆ ಪಾಸ್‌ವರ್ಡ್ ಬದಲಿಸುವಂತೆ ಸಲಹೆ ನೀಡಿತು. 2019ರಲ್ಲಿ ಫೇಸ್‌ಬುಕ್‌ನ ಆಂತರಿಕ ಸಂಗ್ರಹದಲ್ಲಿ ಕೋಟ್ಯಂತರ ಪಾಸ್‌ವರ್ಡ್‌ಗಳು ಓದಬಲ್ಲ ರೂಪದಲ್ಲಿದ್ದದ್ದು ಬಯಲಾಯಿತು. ಆ ಲೋಪಕ್ಕಾಗಿ ಐರ್ಲೆಂಡಿನ ದತ್ತಾಂಶ ರಕ್ಷಣಾ ಆಯೋಗವು 2024ರ ಸೆಪ್ಟೆಂಬರ್‌ನಲ್ಲಿ ಮಾತೃಸಂಸ್ಥೆ ಮೆಟಾಗೆ 9.1 ಕೋಟಿ ಯೂರೊ ದಂಡ ವಿಧಿಸಿತು.

ಪಾಸ್‌ವರ್ಡ್ ಇಡುವ ದತ್ತಕೋಶಕ್ಕೆ ಬಿಗಿ ಕಾವಲಿರುತ್ತದೆ. ಲಾಗ್ ಹಾಗಲ್ಲ. ದುರಸ್ತಿ ತಂಡ, ಗುತ್ತಿಗೆ ನೌಕರರು, ಹೊರಗಿನ ವಿಶ್ಲೇಷಣಾ ಸೇವೆಗಳು ಎಂದು ಹತ್ತು ಕೈಗಳಿಗೆ ಅದರ ಪ್ರತಿ ದಾಟುತ್ತದೆ. ಒಂದೇ ಪಾಸ್‌ವರ್ಡನ್ನು ಇಮೇಲ್‌ಗೂ ಬ್ಯಾಂಕಿಗೂ ಬಳಸುವ ಸಾಮಾನ್ಯನಿಗೆ ಇದರಿಂದ ಆಗಬಹುದಾದ ನಷ್ಟವನ್ನು ಬಿಡಿಸಿ ಹೇಳಬೇಕಿಲ್ಲ.

ಕೇಂದ್ರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದಂತೆ ಕಂಪನಿಗಳು 180 ದಿನಗಳ ಲಾಗ್‌ಗಳನ್ನು ಕಾಪಾಡಬೇಕು. ದಾಳಿಯ ಜಾಡು ಹಿಡಿಯಲು ಇದು ಅಗತ್ಯವೇ. ಆದರೆ ಎಷ್ಟು ದಿನ ಇಡಬೇಕೆಂಬುದರ ಜೊತೆಗೆ, ಏನನ್ನು ಬರೆಯಲೇಬಾರದು ಎಂಬುದನ್ನೂ ಅಷ್ಟೇ ಖಚಿತವಾಗಿ ಕೇಳಬೇಕಲ್ಲವೇ? ವೈಯಕ್ತಿಕ ದತ್ತಾಂಶಕ್ಕೆ ಸೂಕ್ತ ರಕ್ಷಣೆ ನೀಡದವರಿಗೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು 2023ರ ಕಾಯ್ದೆ ಅವಕಾಶ ಕಲ್ಪಿಸಿದೆ. ಆದರೆ ಸೋರಿದ ಮೇಲಿನ ದಂಡ ಕಳೆದುಹೋದ ಗುಟ್ಟನ್ನು ಮರಳಿ ತರಲಾರದು.

ಪರಿಹಾರ ದುಬಾರಿಯಲ್ಲ. ಹೊಸ ಸಾಫ್ಟ್‌ವೇರ್ ಬಿಡುಗಡೆಗೆ ಮುನ್ನ ಕೃತಕ ಪಾಸ್‌ವರ್ಡ್‌ನಿಂದ ಒಳಹೊಕ್ಕು, ಆ ಪದವನ್ನು ಲಾಗ್‌ನಲ್ಲಿ ಹುಡುಕಿದರಾಯಿತು. ಸಿಕ್ಕರೆ ಬಿಡುಗಡೆ ನಿಲ್ಲಬೇಕು. ಇದಕ್ಕೆ ಹಿಡಿಯುವುದು ಅರ್ಧ ಗಂಟೆ. ಅಂದು ನಮ್ಮ ಕಚೇರಿಯಲ್ಲಿ ಆ ಅರ್ಧ ಗಂಟೆಯನ್ನು ಯಾರೂ ಮೀಸಲಿಟ್ಟಿರಲಿಲ್ಲ. ನಾನೂ ಇಟ್ಟಿರಲಿಲ್ಲ.