ಬೈದದ್ದಲ್ಲ, ಬಂದದ್ದು

ಪ್ಯಾರಿಸ್ಸಿನ ವೈದ್ಯ ಝಿಲ್ ದ ಲ ಟೂರೆಟ್ 1885ರಲ್ಲಿ ಒಂಬತ್ತು ರೋಗಿಗಳ ಬಗ್ಗೆ ಬರೆದರು. ತಡೆದರೂ ನಿಲ್ಲದೆ ಅವರ ಮೈ ಅದುರುತ್ತಿತ್ತು, ಬೇಡವೆಂದರೂ ಬಾಯಿಂದ ದನಿ ಹೊರಬೀಳುತ್ತಿತ್ತು. ಗುರು ಶಾರ್ಕೋ ಆ ಸ್ಥಿತಿಗೆ ಶಿಷ್ಯನ ಹೆಸರನ್ನೇ ಇಟ್ಟರು. ಆ ಬರಹಕ್ಕೆ 2025ರಲ್ಲಿ 140 ವರ್ಷ ತುಂಬಿತು. ಮನೋವಿಶ್ಲೇಷಕರು ಬಹುಕಾಲ ಇದರ ಬೇರನ್ನು ಅದುಮಿಟ್ಟ ಬಯಕೆಗಳಲ್ಲಿ ಹುಡುಕಿದರು. 1960ರ ದಶಕದಲ್ಲಿ ಹ್ಯಾಲೊಪೆರಿಡಾಲ್ ಮಾತ್ರೆ ಅನೇಕರ ಟಿಕ್‌ಗಳನ್ನು, ಅಂದರೆ ತಾನಾಗಿ ಬರುವ ಈ ಅದುರು-ದನಿಗಳನ್ನು, ತಗ್ಗಿಸಿದ ಮೇಲೆ ದೃಷ್ಟಿ ಮಿದುಳಿನತ್ತ ತಿರುಗಿತು. ವೈದ್ಯರ ತಿಳಿವಳಿಕೆ ಹೀಗೆ ಬೆಳೆಯಿತು. ನಮ್ಮ ನಿಮ್ಮ ತಿಳಿವಳಿಕೆ?

ಅದನ್ನು ಅಳೆಯಲು ಒಬ್ಬ ಮನುಷ್ಯನ ಬದುಕು ಸಾಕು. 1989ರಲ್ಲಿ ಬಿಬಿಸಿ 'ಜಾನ್ಸ್ ನಾಟ್ ಮ್ಯಾಡ್' ಎಂಬ ಸಾಕ್ಷ್ಯಚಿತ್ರ ತೋರಿಸಿತು. ಸ್ಕಾಟ್ಲೆಂಡಿನ ಗ್ಯಾಲಶೀಲ್ಸ್ ಊರಿನ ಹದಿಹರೆಯದ ಜಾನ್ ಡೇವಿಡ್ಸನ್ ಅದರ ಕೇಂದ್ರ. ಹುಡುಗನ ಬಾಯಿಂದ ಬೈಗುಳ ತಾನಾಗಿ ಸಿಡಿಯುತ್ತಿತ್ತು. ಅವನಿಗೆ ಹುಚ್ಚಲ್ಲ ಎನ್ನುವುದನ್ನು ಹೆಸರಿನಲ್ಲೇ ಸಾರಬೇಕಾದ ಕಾಲ ಅದು. ಅದೇ ಜಾನ್‌ಗೆ ಟೂರೆಟ್ ಬಗ್ಗೆ ಅರಿವು ಮೂಡಿಸಿದ್ದಕ್ಕಾಗಿ 2019ರಲ್ಲಿ ಬ್ರಿಟನ್ನಿನ ಎಂಬಿಇ ಗೌರವ ಸಂದಿತು. 2025ರಲ್ಲಿ ಅವರ ಬದುಕು 'ಐ ಸ್ವೇರ್' ಎಂಬ ಚಲನಚಿತ್ರವಾಯಿತು. ದೊಡ್ಡ ದಾರಿಯೇ ಸರಿ.

ಆದರೂ ಒಂದು ಕೊರತೆ ನನ್ನನ್ನು ಕಾಡುತ್ತದೆ. ಟೂರೆಟ್ ಎಂದರೆ ಬೈಗುಳದ ಕಾಯಿಲೆ ಎಂಬ ಚಿತ್ರ ಜನರ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಬೈಗುಳ ಬರುವುದು ಹೆಚ್ಚುಕಡಿಮೆ ಹತ್ತರಲ್ಲಿ ಒಬ್ಬರಿಗೆ. ಉಳಿದವರದು ಕಣ್ಣು ಮಿಟುಕಿಸುವುದು, ಭುಜ ಕುಣಿಸುವುದು, ಗಂಟಲು ಸರಿಮಾಡಿಕೊಳ್ಳುವುದು, ಮೂಗು ಸೊರ್ ಎನ್ನಿಸುವುದು. ಇವು ಸುದ್ದಿಯಾಗುವುದಿಲ್ಲ, ಹಾಗಾಗಿ ಇವುಗಳ ಪಾಲಿಗೆ ಕರುಣೆಯೂ ಬರುವುದಿಲ್ಲ, 'ಚೇಷ್ಟೆ ಬಿಡು' ಎಂಬ ಗದರಿಕೆ ಬರುತ್ತದೆ.

ಕರುಣೆ ಹೇಗಿರುತ್ತದೆ ಎನ್ನುವವರು 2023ರ ಗ್ಲಾಸ್ಟನ್‌ಬರಿ ಸಂಗೀತೋತ್ಸವವನ್ನು ನೆನೆಯಲಿ. ಹಿಂದಿನ ವರ್ಷವಷ್ಟೇ ತನಗೆ ಟೂರೆಟ್ ಇದೆಯೆಂದು ಹೇಳಿಕೊಂಡಿದ್ದ ಗಾಯಕ ಲೂಯಿಸ್ ಕಪಾಲ್ಡಿ ವೇದಿಕೆಯಲ್ಲಿದ್ದರು. ಟಿಕ್‌ಗಳು ಒತ್ತಿಬಂದವು, ದನಿ ಕೈಕೊಟ್ಟಿತು. ಅವರು ನಿಲ್ಲಿಸಿದಲ್ಲಿಂದ ಜನಸಾಗರವೇ ಹಾಡನ್ನು ಎತ್ತಿಕೊಂಡು ಮುಗಿಸಿತು. ಯಾರೂ ಅಯ್ಯೋ ಪಾಪ ಎನ್ನಲಿಲ್ಲ, ಹಾಡಿದರು. ಆ ದೃಶ್ಯ ಪ್ರತಿ ಸಲವೂ ನನ್ನ ಕಣ್ಣು ತುಂಬಿಸುತ್ತದೆ.

ನಮ್ಮಲ್ಲಿ 2018ರಲ್ಲಿ ರಾಣಿ ಮುಖರ್ಜಿಯ 'ಹಿಚ್ಕಿ' ಸಿನಿಮಾ ಬಂತು. ಅಮೆರಿಕದ ಶಿಕ್ಷಕ ಬ್ರಾಡ್ ಕೊಹೆನ್ ಬದುಕಿನಿಂದ ಹುಟ್ಟಿದ ಕಥೆ. ಎಷ್ಟೋ ಮನೆಗಳಿಗೆ ಟೂರೆಟ್ ಎಂಬ ಹೆಸರು ಮೊದಲು ಗೊತ್ತಾದದ್ದೇ ಅದರಿಂದ. ಆದರೆ ಮನೆಗಳಿಗೆ ತಲುಪಿದ ಹೆಸರು ಕಾನೂನಿಗೆ ತಲುಪಿಲ್ಲ: 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಗಳ ಪಟ್ಟಿಯಲ್ಲಿ ಟೂರೆಟ್ ಹೆಸರು ಬಿಡಿಯಾಗಿ ಇಲ್ಲ.

ಪಟ್ಟಿಯ ಮಾತು ಹಾಗಿರಲಿ, ಟಿಕ್ ಶುರುವಾಗುವುದು ಸಾಮಾನ್ಯವಾಗಿ ಐದರಿಂದ ಏಳರ ಪ್ರಾಯದಲ್ಲಿ, ಜೋರಾಗುವುದು ಹತ್ತು ಹನ್ನೆರಡಕ್ಕೆ. ಅಂದರೆ ಮಗು ಸರಿಯಾಗಿ ಶಾಲೆಯ ಬೆಂಚಿನಲ್ಲಿ ಕೂತಿರುವ ವರ್ಷಗಳಲ್ಲಿ. ಸೀನು ತಡೆದಂತೆ ಅದನ್ನು ಸ್ವಲ್ಪ ಹೊತ್ತು ತಡೆಹಿಡಿಯಬಹುದು, ದಣಿಯುತ್ತಾ. ಮೇಷ್ಟ್ರ ಭಯಕ್ಕೆ ದಿನವಿಡೀ ಹಾಗೆ ತಡೆದ ಹುಡುಗ ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಭುಜ, ಕತ್ತು, ಗಂಟಲು ಎಲ್ಲ ಒಟ್ಟಿಗೆ ಶುರುವಾಗುತ್ತವೆ. 'ಶಾಲೇಲಿ ಸುಮ್ನಿರ್ತಾನಂತೆ, ಮನೇಲಿ ಬೇಕಂತಲೇ ಮಾಡ್ತಾನೆ' ಎನ್ನುತ್ತಾಳೆ ಅಮ್ಮ. ಅವನು ಹೊರೆ ಇಳಿಸಿದ್ದು ತನ್ನವರ ಮುಂದೆ.