ಪ್ರಶ್ನೆಗಳು ಬದಲಾದವು, ಪದಪಟ್ಟಿ ಮಾತ್ರ ಹಾಗೇ ಉಳಿಯಿತು

"ಮಗಳು ಈಗ ಆರನೇ ಕ್ಲಾಸು. ಮನೆಯಲ್ಲಿ ಕನ್ನಡ ಸ್ವಲ್ಪ ಕಡಿಮೆ ಮಾಡೋಣ ಅಂತಿದ್ದೀವಿ. ನಾಳೆ ಎಸ್‌ಎಟಿ, ಜಿಆರ್‌ಇ ಅಂತ ಬಂದಾಗ ಇಂಗ್ಲಿಷ್ ಪದಗಳು ಸಾಲದೇ ಹೋದರೆ ಕಷ್ಟ ಅಲ್ವಾ?" ಕನ್ನಡ ಸಂಘದ ಊಟದ ಸಾಲಿನಲ್ಲಿ, ಶಾಲೆಯ ಪಾರ್ಕಿಂಗ್ ಜಾಗದಲ್ಲಿ, ವಾಟ್ಸಾಪ್ ಗುಂಪುಗಳಲ್ಲಿ ಈ ಮಾತು ಒಂದಲ್ಲ ಒಂದು ರೂಪದಲ್ಲಿ ಕೇಳಿಬರುತ್ತದೆ. ಭಯ ನಿಜವಾದದ್ದು, ನಗುವಂಥದ್ದಲ್ಲ. ಆದರೆ ಅದರ ಹಿಂದೆ ಇರುವ ಪರೀಕ್ಷೆಯ ಚಿತ್ರ ಹದಿನೈದು ವರ್ಷ ಹಳೆಯದು. ಈ ಸಲದ ಅಂಕಣದಲ್ಲಿ ಜಿಆರ್‌ಇಯ ಪ್ರಶ್ನೆಗಳು ಹೇಗೆ ಬದಲಾಗಿವೆ, ಆ ಬದಲಾವಣೆ ನಮ್ಮ ಎರಡು ಭಾಷೆಯ ಮಕ್ಕಳಿಗೆ ಏನು ಹೇಳುತ್ತದೆ ಎಂದು ನೋಡೋಣ. ಮಕ್ಕಳನ್ನು ಶಾಲೆಗೆ ಕಳಿಸಿ ಈಗ ತಾವೇ ಮಾಸ್ಟರ್ಸ್ ಮಾಡಲು ಹೊರಟಿರುವ ಅಮ್ಮಂದಿರು, ಅಪ್ಪಂದಿರಿಗೂ ಇದು ಉಪಯೋಗಕ್ಕೆ ಬಂದೀತು.

ನಮ್ಮ ತಲೆಮಾರಿನವರಿಗೆ ಜಿಆರ್‌ಇ ಎಂದರೆ ಬ್ಯಾರನ್ಸ್ ಪುಸ್ತಕದ 3500 ಪದಗಳ ಪಟ್ಟಿ. ಬೆಂಗಳೂರು, ಮೈಸೂರು, ಸುರತ್ಕಲ್ ಹಾಸ್ಟೆಲುಗಳಲ್ಲಿ ಸೀನಿಯರುಗಳಿಂದ ಜೂನಿಯರುಗಳಿಗೆ ಆಸ್ತಿಯಂತೆ ಇಳಿದು ಬರುತ್ತಿದ್ದ ಪುಸ್ತಕ ಅದು. ಪಟ್ಟಿಯನ್ನು ಉರು ಹೊಡೆಯಲು ಕಾರಣವೂ ಇತ್ತು. ಆಗಿನ ವರ್ಬಲ್ ಭಾಗದಲ್ಲಿ ವಿರುದ್ಧ ಪದದ ಪ್ರಶ್ನೆಗಳಿದ್ದವು: ಒಂದು ಪದ, ಐದು ಆಯ್ಕೆ, ವಿರುದ್ಧಾರ್ಥ ಯಾವುದು? ಇನ್ನೊಂದು, ಪದಸಂಬಂಧದ ಪ್ರಶ್ನೆ. ನಮ್ಮ ಕನ್ನಡ ಪರೀಕ್ಷೆಗಳಲ್ಲೂ ಇದು ಇತ್ತು: ನೇಗಿಲು ರೈತನಿಗೆ ಇದ್ದಂತೆ ಉಳಿ ಯಾರಿಗೆ? ಬಡಗಿಗೆ. ಎರಡರಲ್ಲೂ ಸುತ್ತ ವಾಕ್ಯವಿಲ್ಲ, ಸಂದರ್ಭವಿಲ್ಲ. ಪದ ಗೊತ್ತಿದ್ದರೆ ಅಂಕ, ಇಲ್ಲದಿದ್ದರೆ ಊಹೆ.

2011ರ ಆಗಸ್ಟ್‌ನಲ್ಲಿ ಈ ಎರಡೂ ಬಗೆಯನ್ನು ಇಟಿಎಸ್ ತೆಗೆದುಹಾಕಿತು. ಸಂದರ್ಭವಿಲ್ಲದ ಪದಜ್ಞಾನಕ್ಕಿಂತ, ಮೇಲಿನ ಓದಿಗೆ ಬೇಕಾದ ಕೌಶಲವನ್ನು ಅಳೆಯುವುದು ಅದರ ಉದ್ದೇಶವಾಗಿತ್ತು. ಅಂಕಗಳ ಅಳತೆಗೋಲೂ ಬದಲಾಯಿತು. ಮೊದಲು 200ರಿಂದ 800ರವರೆಗೆ ಹತ್ತತ್ತರ ಮೆಟ್ಟಿಲು. ಆಮೇಲೆ 130ರಿಂದ 170ರವರೆಗೆ ಒಂದೊಂದರ ಮೆಟ್ಟಿಲು. ಗಣಿತಕ್ಕೆ ಪರದೆಯ ಮೇಲೆ ಕ್ಯಾಲ್ಕುಲೇಟರ್ ಬಂತು. ಉತ್ತರವನ್ನು ತಾನೇ ಟೈಪ್ ಮಾಡುವ ಪ್ರಶ್ನೆಗಳು, ಒಂದಕ್ಕಿಂತ ಹೆಚ್ಚು ಸರಿ ಉತ್ತರವಿರುವ ಪ್ರಶ್ನೆಗಳು ಸೇರಿದವು.

ವರ್ಬಲ್ ಭಾಗದಲ್ಲಿ ಹಳೆಯವುಗಳ ಜಾಗಕ್ಕೆ ಬಂದದ್ದು ಮುಖ್ಯವಾಗಿ ಎರಡು. ಇಂಗ್ಲಿಷ್ ಉದಾಹರಣೆಗಳು ಎಲ್ಲ ಪುಸ್ತಕದಲ್ಲೂ ಸಿಗುತ್ತವೆ, ಹಾಗಾಗಿ ಇಲ್ಲಿ ಕನ್ನಡದಲ್ಲೇ ಹೇಳುತ್ತೇನೆ.

ಮೊದಲನೆಯದು ಬಿಟ್ಟ ಸ್ಥಳ ತುಂಬುವುದು. "ಅಜ್ಜಿಯ ಮಾತು ಎಷ್ಟೇ ______ ಆಗಿದ್ದರೂ, ಮೊಮ್ಮಕ್ಕಳನ್ನು ಕಂಡರೆ ಬೆಣ್ಣೆಯಂತೆ ಕರಗುತ್ತಿದ್ದರು." ಇಲ್ಲಿ 'ಒರಟು' ಎಂಬ ಪದ ಸರಿ ಎಂದು ಹೇಗೆ ಗೊತ್ತಾಯಿತು? 'ಆಗಿದ್ದರೂ' ಎಂಬಲ್ಲಿನ ಆ ಕೊನೆಯ 'ರೂ' ಹೇಳಿತು. ಮುಂದೆ ಬರುವುದು ಹಿಂದೆ ಹೇಳಿದ್ದಕ್ಕೆ ಎದುರಾಗಿರುತ್ತದೆ ಎಂಬ ಸೂಚನೆ ಅದು. ಜಿಆರ್‌ಇಯಲ್ಲಿ ಇಂಥ ಒಂದು ಖಾಲಿ ಜಾಗ ಇರಬಹುದು, ಎರಡು ಇರಬಹುದು, ಮೂರೂ ಇರಬಹುದು. ಮೂರರಲ್ಲಿ ಒಂದು ತಪ್ಪಿದರೂ ಪೂರ್ತಿ ಅಂಕ ಹೋಯಿತು.

ಎರಡನೆಯದು ಜೋಡಿ ಉತ್ತರದ ಪ್ರಶ್ನೆ. "ಅವರ ಉತ್ತರ ಎಷ್ಟು ______ ಇತ್ತೆಂದರೆ, ಮತ್ತೊಂದು ಪ್ರಶ್ನೆ ಕೇಳಲು ಯಾರೂ ಬಾಯಿ ತೆರೆಯಲಿಲ್ಲ." ಆಯ್ಕೆಗಳು: ಸ್ಪಷ್ಟವಾಗಿ, ಒರಟಾಗಿ, ನಿಚ್ಚಳವಾಗಿ, ಚಿಕ್ಕದಾಗಿ, ಮೃದುವಾಗಿ, ತಮಾಷೆಯಾಗಿ. ಆರರಲ್ಲಿ ಎರಡನ್ನು ಆರಿಸಬೇಕು. ಎರಡೂ ವಾಕ್ಯಕ್ಕೆ ಒಂದೇ ಅರ್ಥ ಕೊಡಬೇಕು. 'ಒರಟಾಗಿ' ಎಂದರೂ ವಾಕ್ಯ ಚೆನ್ನಾಗಿಯೇ ಕೂರುತ್ತದೆ. ಆದರೆ ಅದಕ್ಕೆ ಪಟ್ಟಿಯಲ್ಲಿ ಜೋಡಿ ಇಲ್ಲ. ಆದ್ದರಿಂದ ಉತ್ತರ ಸ್ಪಷ್ಟವಾಗಿ, ನಿಚ್ಚಳವಾಗಿ. ಮೊದಲು ಹೊಳೆದ ಪದಕ್ಕೆ ಅಂಟಿಕೊಳ್ಳುವವರು ಇಲ್ಲಿ ಎಡವುತ್ತಾರೆ.

ಕಣ್ಣು ಮುಚ್ಚಿ ಊಹಿಸಿದರೆ ಏನಾಗುತ್ತದೆ ಎಂದು ಲೆಕ್ಕ ಹಾಕಿ ನೋಡಿ. ಹಳೆಯ ವಿರುದ್ಧ ಪದದ ಪ್ರಶ್ನೆಯಲ್ಲಿ ಸರಿಯಾಗುವ ಸಾಧ್ಯತೆ 5ರಲ್ಲಿ 1. ಜೋಡಿ ಉತ್ತರದಲ್ಲಿ ಆರರಿಂದ ಎರಡನ್ನು ಆರಿಸಲು 15 ದಾರಿ, ಹಾಗಾಗಿ 15ರಲ್ಲಿ 1. ಮೂರು ಖಾಲಿ ಜಾಗ, ತಲಾ ಮೂರು ಆಯ್ಕೆ ಎಂದರೆ 27ರಲ್ಲಿ 1. ಪದ ಗೊತ್ತಿರುವುದು ಈಗಲೂ ಬೇಕು, ಅದು ಸುಳ್ಳಲ್ಲ. ಆದರೆ ವಾಕ್ಯ ಎತ್ತ ತಿರುಗುತ್ತಿದೆ ಎಂದು ತಿಳಿಯದವರಿಗೆ 3500 ಪದಗಳೂ ಅಷ್ಟಾಗಿ ನೆರವಾಗುವುದಿಲ್ಲ.

ತೀರಾ ಈಚಿನ ಬದಲಾವಣೆ 2023ರ ಸೆಪ್ಟೆಂಬರ್‌ನದು. ಸುಮಾರು 3 ಗಂಟೆ 45 ನಿಮಿಷ ಹಿಡಿಯುತ್ತಿದ್ದ ಪರೀಕ್ಷೆ 1 ಗಂಟೆ 58 ನಿಮಿಷಕ್ಕೆ ಇಳಿಯಿತು. ವರ್ಬಲ್ ಮತ್ತು ಗಣಿತದಲ್ಲಿ ತಲಾ 40 ಪ್ರಶ್ನೆಗಳಿದ್ದದ್ದು ತಲಾ 27 ಆದವು. ಅಂಕಕ್ಕೆ ಸೇರದ ಪ್ರಾಯೋಗಿಕ ವಿಭಾಗ ಹೋಯಿತು, ಮಧ್ಯದ ಹತ್ತು ನಿಮಿಷದ ಬಿಡುವೂ ಹೋಯಿತು. ಬರವಣಿಗೆಯಲ್ಲಿದ್ದ ಎರಡು ಪ್ರಬಂಧಗಳ ಪೈಕಿ, ಇನ್ನೊಬ್ಬರ ವಾದದ ಹುಳುಕು ಹುಡುಕುವ ಪ್ರಬಂಧವನ್ನು ಕೈಬಿಟ್ಟರು. ಒಂದು ವಿಷಯದ ಬಗ್ಗೆ ನಿಮ್ಮ ನಿಲುವನ್ನು 30 ನಿಮಿಷದಲ್ಲಿ ಬರೆಯುವ ಪ್ರಬಂಧ ಮಾತ್ರ ಉಳಿದಿದೆ.

"ಚಿಕ್ಕದಾಯಿತು, ಹಾಗಾದರೆ ಸುಲಭವಾಯಿತು" ಎಂದು ಹಲವರು ಹೇಳುವುದನ್ನು ಕೇಳಿದ್ದೇನೆ. ಲೆಕ್ಕ ಹಾಗೆ ಹೇಳುವುದಿಲ್ಲ. ವರ್ಬಲ್‌ಗೆ ಈಗ 41 ನಿಮಿಷ, 27 ಪ್ರಶ್ನೆ. ಒಂದು ಪ್ರಶ್ನೆಗೆ ಸರಿಸುಮಾರು ಒಂದೂವರೆ ನಿಮಿಷ. ಮೊದಲು 60 ನಿಮಿಷಕ್ಕೆ 40 ಪ್ರಶ್ನೆ, ಅಂದರೆ ಆಗಲೂ ಒಂದೂವರೆ ನಿಮಿಷವೇ. ಗಣಿತದಲ್ಲೂ ಹಾಗೆಯೇ: ಮೊದಲು 70 ನಿಮಿಷಕ್ಕೆ 40, ಈಗ 47 ನಿಮಿಷಕ್ಕೆ 27. ಪ್ರಶ್ನೆಯೊಂದಕ್ಕೆ ಸಿಗುವ ಸಮಯ ಹೆಚ್ಚಲಿಲ್ಲ. ಪ್ರಶ್ನೆಗಳು ಕಡಿಮೆಯಾದ್ದರಿಂದ ಒಂದೊಂದರ ತೂಕ ಮಾತ್ರ ಹೆಚ್ಚಿತು. ಮೇಲಾಗಿ, ಮೊದಲ ವಿಭಾಗದಲ್ಲಿ ನೀವು ಹೇಗೆ ಮಾಡಿದಿರಿ ಎನ್ನುವುದರ ಮೇಲೆ ಎರಡನೆಯ ವಿಭಾಗದ ಕಷ್ಟ ನಿರ್ಧಾರವಾಗುತ್ತದೆ. ಮೊದಲ ವಿಭಾಗದಲ್ಲಿರುವುದು 12 ಪ್ರಶ್ನೆ ಮಾತ್ರ. ಈಗ ತಯಾರಿ ಮಾಡುತ್ತಿರುವವರು ಮೊದಲ ಪ್ರಶ್ನೆಯಿಂದಲೇ ನಿಗಾ ಇಡಬೇಕು. ಬಿಸಿ ಏರಲಿ ಎಂದು ಕಾಯುವಷ್ಟು ಜಾಗ ಇಲ್ಲ. ಒಂದು ಸಮಾಧಾನ, ಒಂದೇ ವಿಭಾಗದ ಒಳಗೆ ಹಿಂದೆ ಹೋಗಿ ಉತ್ತರ ತಿದ್ದಬಹುದು.

ಈಗ ಆರನೇ ಕ್ಲಾಸಿನ ಮಗುವಿನ ಕಡೆ ಬರೋಣ. 2002ರಲ್ಲಿ ಜಿಆರ್‌ಇಯ ತರ್ಕದ ಒಗಟುಗಳ ವಿಭಾಗ ಹೋಗಿ ಬರವಣಿಗೆ ಬಂತು. 2011ರಲ್ಲಿ ಪದಗಳ ಪ್ರಶ್ನೆ ಹೋದವು. 2023ರಲ್ಲಿ ಪರೀಕ್ಷೆ ಅರ್ಧಕ್ಕೆ ಇಳಿಯಿತು. ಹತ್ತು ವರ್ಷಕ್ಕೊಮ್ಮೆ ಎಂಬಂತೆ ದೊಡ್ಡ ಬದಲಾವಣೆ. ಇವತ್ತು ಹನ್ನೊಂದು ವರ್ಷದ ಮಗು ಆ ಬಾಗಿಲಿಗೆ ಬರಲು ಇನ್ನೂ ಹತ್ತು ವರ್ಷ ಬೇಕು. ಅಷ್ಟು ಹೊತ್ತಿಗೆ ಪ್ರಶ್ನೆಪತ್ರಿಕೆ ಹೀಗೇ ಇರುತ್ತದೆ ಎಂದು ನಂಬಲು ಕಾರಣವಿಲ್ಲ. ಅಮೆರಿಕದ ಹಲವು ಪಿಎಚ್‌ಡಿ ವಿಭಾಗಗಳು ಜಿಆರ್‌ಇಯನ್ನು ಕೇಳುವುದನ್ನೇ ನಿಲ್ಲಿಸಿವೆ. ಎಸ್‌ಎಟಿಯ ಕಥೆಯೂ ಬೇರೆಯಲ್ಲ: 1994ರಲ್ಲಿ ವಿರುದ್ಧ ಪದ ಹೋಯಿತು, 2005ರಲ್ಲಿ ಪದಸಂಬಂಧ ಹೋಯಿತು, ಈಗ ಪರೀಕ್ಷೆ ಪೂರ್ತಿ ಕಂಪ್ಯೂಟರಿನಲ್ಲಿ, ಪುಟ್ಟ ಪುಟ್ಟ ಓದಿನ ತುಣುಕುಗಳೊಂದಿಗೆ. ಪದವನ್ನು ಬಿಡಿಬಿಡಿಯಾಗಿ ಕೇಳುವುದು ಎರಡೂ ಪರೀಕ್ಷೆಗಳಲ್ಲಿ ಮುಗಿದ ಅಧ್ಯಾಯ. ಹತ್ತು ವರ್ಷದ ಮಗುವಿಗೆ ಫ್ಲ್ಯಾಷ್‌ಕಾರ್ಡ್ ಕೊಳ್ಳುವವರು ಮುಗಿದ ಪರೀಕ್ಷೆಗೆ ತಯಾರಿ ಮಾಡಿಸುತ್ತಿದ್ದಾರೆ.

"ಆದರೂ ಎರಡು ಭಾಷೆ ಎಂದರೆ ಇಂಗ್ಲಿಷ್ ಪದ ಕಡಿಮೆ ತಾನೆ?" ಎಂದು ನೀವು ಕೇಳಬಹುದು. ಈ ಪ್ರಶ್ನೆಗೆ ನುಣುಚಿಕೊಳ್ಳುವ ಉತ್ತರ ಕೊಡಲಾರೆ. ಟೊರಾಂಟೊದ ಯಾರ್ಕ್ ವಿಶ್ವವಿದ್ಯಾಲಯದ ಎಲೆನ್ ಬಿಯಾಲಿಸ್ಟಾಕ್ ಮತ್ತು ಸಹೋದ್ಯೋಗಿಗಳು 3ರಿಂದ 10 ವರ್ಷದ 1738 ಮಕ್ಕಳ ಇಂಗ್ಲಿಷ್ ಪದಜ್ಞಾನವನ್ನು ಹೋಲಿಸಿ 2010ರಲ್ಲಿ ಪ್ರಕಟಿಸಿದರು. ಸರಾಸರಿಯಲ್ಲಿ ಒಂದೇ ಭಾಷೆಯ ಮಕ್ಕಳು ಮುಂದಿದ್ದರು, ನಿಜ. ಆದರೆ ಆರು ವರ್ಷದ ಮಕ್ಕಳ ಉತ್ತರಗಳನ್ನು ಬಿಡಿಸಿ ನೋಡಿದಾಗ, ಅಂತರ ಎದ್ದು ಕಂಡದ್ದು ಮನೆಗೆ ಸಂಬಂಧಿಸಿದ ಪದಗಳಲ್ಲಿ. ಶಾಲೆಗೆ ಸಂಬಂಧಿಸಿದ ಪದಗಳಲ್ಲಿ ಇಬ್ಬರೂ ಹತ್ತಿರ ಹತ್ತಿರವೇ ಇದ್ದರು. ಯೋಚಿಸಿದರೆ ಇದು ಸಹಜ. ಸೌಟು, ಜರಡಿ, ಒಗ್ಗರಣೆ ಇವೆಲ್ಲ ನಮ್ಮ ಮಕ್ಕಳಿಗೆ ಕನ್ನಡದಲ್ಲಿ ಗೊತ್ತು. ಅದಕ್ಕೆ ಇಂಗ್ಲಿಷ್ ಪದ ಬೇಕಾಗಿಯೇ ಇಲ್ಲ. ಪದ ಕಳೆದುಹೋಗಿಲ್ಲ, ಬೇರೆ ಡಬ್ಬಿಯಲ್ಲಿದೆ. ಮೇಲಿನ ಓದಿನ ಪರೀಕ್ಷೆಗೆ ಬೇಕಾದ ಪದಗಳು ಅಡುಗೆಮನೆಯಿಂದ ಬರುವುದಿಲ್ಲ, ಓದಿನಿಂದ ಬರುತ್ತವೆ. ಊಟದ ಹೊತ್ತಿನ ಕನ್ನಡ ನಿಲ್ಲಿಸಿದರೆ ಆ ಪದಗಳು ತಾವಾಗಿ ಹೆಚ್ಚುವುದಿಲ್ಲ. ಅಜ್ಜಿಯ ಜೊತೆಗಿನ ಫೋನು ಮಾತ್ರ ಚಿಕ್ಕದಾಗುತ್ತದೆ.

ಕನ್ನಡ ಮಾತಾಡಿದರೆ ಜಿಆರ್‌ಇ ಅಂಕ ಏರುತ್ತದೆ ಎಂದು ನಾನು ಹೇಳುತ್ತಿಲ್ಲ. ಈಗಿನ ಪ್ರಶ್ನೆಗಳು ಬೇಡುವ ಅಭ್ಯಾಸವನ್ನು ಯಾವ ಭಾಷೆಯಲ್ಲಾದರೂ ಬೆಳೆಸಬಹುದು, ಕನ್ನಡದಲ್ಲೂ ಬೆಳೆಸಬಹುದು ಎಂದಷ್ಟೇ ಹೇಳುತ್ತಿದ್ದೇನೆ. ಮನೆಯಲ್ಲಿ ಮಾಡಬಹುದಾದ ನಾಲ್ಕು ಕೆಲಸ ಇಲ್ಲಿವೆ. ಯಾವುದಕ್ಕೂ ಹತ್ತು ನಿಮಿಷಕ್ಕಿಂತ ಹೆಚ್ಚು ಬೇಡ, ದುಡ್ಡಂತೂ ಬೇಡವೇ ಬೇಡ.

ಒಂದು, ಕಥೆ ಓದುವಾಗ ಒಂದು ಪದ ಬಿಟ್ಟು ನಿಲ್ಲಿಸಿ. ಮಗು ಪದ ಹೇಳಿದ ಮೇಲೆ "ಸರಿ" ಎನ್ನುವ ಮೊದಲು "ಯಾವ ಪದ ನೋಡಿ ಗೊತ್ತಾಯ್ತು?" ಎಂದು ಕೇಳಿ. 'ಆದರೂ', 'ಹಾಗಾಗಿ', 'ಅಲ್ಲದೆ', 'ಅಷ್ಟರಲ್ಲಿ' ಎಂಬ ತಿರುವಿನ ಪದಗಳನ್ನು ಮಗು ಗುರುತಿಸಲು ಕಲಿಯುತ್ತದೆ. ಇಂಗ್ಲಿಷಿನಲ್ಲಿ ಆ ಸೂಚನೆ ಬಹಳ ಸಲ ವಾಕ್ಯದ ಶುರುವಿನಲ್ಲಿ ಬೇರೆ ಪದವಾಗಿ ನಿಲ್ಲುತ್ತದೆ, ಕನ್ನಡದಲ್ಲಿ ಕ್ರಿಯಾಪದದ ಬಾಲಕ್ಕೆ ಅಂಟಿಕೊಳ್ಳುತ್ತದೆ. ಎರಡನ್ನೂ ಪಕ್ಕಪಕ್ಕದಲ್ಲಿ ತೋರಿಸಿ, ಮಕ್ಕಳಿಗೆ ಮಜಾ ಬರುತ್ತದೆ.

ಎರಡು, ವಾದದ ಹುಳುಕು ಹುಡುಕುವ ಆಟ. "ನಿನ್ನೆ ಐಸ್‌ಕ್ರೀಂ ತಿಂದೆ, ಇವತ್ತು ನೆಗಡಿ. ಐಸ್‌ಕ್ರೀಮಿನಿಂದಲೇ ಬಂತು." ಬೇರೆ ಕಾರಣ ಏನಿರಬಹುದು? ಕ್ಲಾಸಿನಲ್ಲಿ ಇನ್ಯಾರಿಗೆ ನೆಗಡಿ ಇತ್ತು? ಐಸ್‌ಕ್ರೀಂ ತಿಂದ ತಮ್ಮನಿಗೇಕೆ ಬರಲಿಲ್ಲ? ಜಿಆರ್‌ಇ ಆ ಪ್ರಬಂಧವನ್ನು ಬಿಟ್ಟಿರಬಹುದು, ಆ ಕೌಶಲವನ್ನು ಸಂಶೋಧನೆ ಬಿಟ್ಟಿಲ್ಲ. ನನ್ನ ಕೆಲಸದಲ್ಲಿ ದಿನವೂ ಬೇಕಾಗುವುದು ಅದೇ.

ಮೂರು, ಹೋಲಿಕೆಯ ಲೆಕ್ಕ. ಎರಡು ಮೊತ್ತ ಕೊಟ್ಟು ಯಾವುದು ದೊಡ್ಡದು ಎಂದು ಕೇಳುವ ಪ್ರಶ್ನೆ ಜಿಆರ್‌ಇ ಗಣಿತದಲ್ಲಿ ಎಲ್ಲ ಬದಲಾವಣೆಗಳನ್ನೂ ದಾಟಿ ಉಳಿದಿದೆ. ಅದರ ನಾಲ್ಕನೆಯ ಆಯ್ಕೆ, "ಕೊಟ್ಟ ಮಾಹಿತಿಯಿಂದ ಹೇಳಲಾಗದು". "ಒಂದು ದೋಸೆಯಲ್ಲಿ ಅರ್ಧ, ಇನ್ನೊಂದು ದೋಸೆಯಲ್ಲಿ ಮುಕ್ಕಾಲು. ಯಾವುದು ಜಾಸ್ತಿ?" ಮುಕ್ಕಾಲು ಎಂದು ಮಗು ಥಟ್ಟನೆ ಹೇಳುತ್ತದೆ. ಮೊದಲನೆಯದು ಮಸಾಲೆ ದೋಸೆ, ಎರಡನೆಯದು ಸೆಟ್ ದೋಸೆಯಾದರೆ? 'ಹೇಳಲಾಗದು' ಎನ್ನುವುದೂ ಒಂದು ಸರಿಯಾದ ಉತ್ತರ ಎಂದು ಚಿಕ್ಕವರಿದ್ದಾಗಲೇ ತಿಳಿಯುವುದು ಒಳ್ಳೆಯದು.

ನಾಲ್ಕು, ಪದಗಳ ನೆಂಟಸ್ತನ. ಕನ್ನಡಕ್ಕೆ ಸಂಸ್ಕೃತದಿಂದ ಬಂದ ಎಷ್ಟೋ ಪದಗಳಿಗೆ ಇಂಗ್ಲಿಷಿನಲ್ಲಿ ಲ್ಯಾಟಿನ್, ಗ್ರೀಕ್ ಮೂಲಕ ಬಂದ ದಾಯಾದಿಗಳಿದ್ದಾರೆ. ದಂತ ಮತ್ತು ಡೆಂಟಲ್, ಮಧ್ಯ ಮತ್ತು ಮೀಡಿಯಂ, ಅನಾಮಿಕ ಮತ್ತು ಅನಾನಿಮಸ್. ನ್ಯಾಯ, ಅನ್ಯಾಯ ಗೊತ್ತಿರುವ ಮಗುವಿಗೆ ಪದದ ತಲೆಗೆ ಅಂಟುವ ಚೂರು ಅರ್ಥವನ್ನೇ ತಿರುಗಿಸುತ್ತದೆ ಎಂದು ವಿವರಿಸಬೇಕಿಲ್ಲ. ಪಟ್ಟಿ ಉರು ಹೊಡೆಯುವುದಕ್ಕಿಂತ ಇದು ಹೆಚ್ಚು ಕಾಲ ನೆನಪಿರುತ್ತದೆ.

ಇಂಗ್ಲಿಷ್ ಪುಸ್ತಕಗಳನ್ನು ಧಾರಾಳವಾಗಿ ಓದಿಸಿ. ಲೈಬ್ರರಿಯಿಂದ ಚೀಲ ತುಂಬ ತನ್ನಿ, ವಿಜ್ಞಾನದ್ದು, ಇತಿಹಾಸದ್ದು, ಪತ್ರಿಕೆಯ ಲೇಖನ, ಎಲ್ಲವೂ ಇರಲಿ. ಓದಿದ ಮೇಲೆ ಅದರ ಬಗ್ಗೆ ಮಾತು ಕನ್ನಡದಲ್ಲಿ ನಡೆಯಲಿ. ಒಂದು ಭಾಷೆಯಲ್ಲಿ ಓದಿದ್ದನ್ನು ಇನ್ನೊಂದರಲ್ಲಿ ಹೇಳಬೇಕಾದಾಗ ಪದಕ್ಕೆ ಪದ ಇಟ್ಟರೆ ಸಾಗುವುದಿಲ್ಲ, ಅರ್ಥವೇ ಗೊತ್ತಿರಬೇಕು. ಹತ್ತು ವರ್ಷದ ನಂತರ ಪರೀಕ್ಷೆ ಯಾವ ವೇಷದಲ್ಲಿ ಬಂದರೂ ಕೇಳುವುದು ಅದನ್ನೇ.