ಕಾಲ್ಚೆಂಡಿನ ಪಂಚಾಂಗವೂ ಆಟಗಾರನ ಕಾಲೂ

2025ನೆಯ ಇಸವಿಯ ಜುಲೈ 13ನೆಯ ತಾರೀಖು ಅಮೆರಿಕಾದ ನ್ಯೂಯಾರ್ಕ್ ನಗರದ ಸಮೀಪದಲ್ಲಿ ಕ್ಲಬ್ ವಿಶ್ವಕಪ್ಪಿನ ಅಂತಿಮ ಪಂದ್ಯವು ಜರುಗಿತು. ಲಂಡನ್ನಿನ ಚೆಲ್ಸಿಯವರು ಪ್ಯಾರಿಸ್ ಸೇಂಟ್ ಜರ್ಮೇನ್ ತಂಡವನ್ನು 3 ಗೋಲುಗಳಿಂದ ಸೋಲಿಸಿದರು. ಪ್ಯಾರಿಸಿನವರಿಗೆ ಅದು ಆ ಹಂಗಾಮಿನ 65ನೆಯ ಪಂದ್ಯ. ಅದಾದ ಸರಿಯಾಗಿ ಒಂದು ತಿಂಗಳಿಗೆ, ಆಗಸ್ಟ್ 13ರಂದು, ಅದೇ ತಂಡವು ಇಟಲಿಯ ಉದಿನೆ ಪಟ್ಟಣದಲ್ಲಿ ಹೊಸ ಹಂಗಾಮಿನ ಮೊದಲ ಕಪ್ಪಿಗಾಗಿ ಕಣಕ್ಕೆ ಇಳಿಯಬೇಕಾಯಿತು. ಸೆಪ್ಟೆಂಬರ್ 5ರಂದು ಆ ತಂಡದ ಉಸ್ಮಾನ್ ಡೆಂಬೆಲೆಯವರು ತಮ್ಮ ದೇಶವಾದ ಫ್ರಾನ್ಸಿನ ಪರವಾಗಿ ಯುಕ್ರೇನಿನೆದುರು ಆಡುತ್ತಿರುವಾಗ ತೊಡೆಯ ಸ್ನಾಯುವಿಗೆ ಪೆಟ್ಟು ಮಾಡಿಕೊಂಡು ಹೊರನಡೆದರು. ಅದೇ ತಿಂಗಳು 22ರಂದು, ವರ್ಷದ ಶ್ರೇಷ್ಠ ಆಟಗಾರನಿಗೆ ಸಲ್ಲುವ ಬಾಲನ್ ಡಿ’ಓರ್ ಬಹುಮಾನವು ಅವರಿಗೆ ದೊರೆಯಿತು. ಆ ಸಂಜೆ ಅವರ ಸಂಗಡಿಗರು ಮಾರ್ಸೇಲಿನಲ್ಲಿ ಪಂದ್ಯವಾಡುತ್ತಿದ್ದರು. ಕಾಲು ನೊಂದಿದ್ದುದರಿಂದಲೇ ಬಹುಮಾನ ಸ್ವೀಕರಿಸಲು ಅವರಿಗೆ ಬಿಡುವಾಯಿತೆಂದರೆ ತಪ್ಪಾಗಲಾರದು.

ಗಾಯವಾದೊಡನೆ ಕ್ಲಬ್ಬಿನವರು ಫ್ರಾನ್ಸಿನ ಫುಟ್‌ಬಾಲ್ ಒಕ್ಕೂಟಕ್ಕೆ ಪತ್ರ ಬರೆದು ಆಕ್ಷೇಪಿಸಿದರು. ತಮ್ಮ ವೈದ್ಯರ ಮಾತನ್ನು ರಾಷ್ಟ್ರೀಯ ತಂಡದವರು ಲಕ್ಷಿಸಲಿಲ್ಲವೆಂಬುದು ಅವರ ದೂರು. ಈ ತಕರಾರಿನಲ್ಲಿ ಯಾರ ಕಡೆ ಎಷ್ಟು ನ್ಯಾಯವಿದೆಯೆಂಬುದನ್ನು ತೀರ್ಮಾನಿಸಲು ನಾವು ಹೊರಟಿಲ್ಲ. 65 ಪಂದ್ಯಗಳನ್ನು ಆಡಿಸಿದವರು ಒಕ್ಕೂಟದವರನ್ನು ದೂರುವುದೂ, ಒಕ್ಕೂಟದವರು ಕ್ಲಬ್ಬಿನವರತ್ತ ಕೈತೋರಿಸುವುದೂ, ಇವರಿಬ್ಬರೂ ಸೇರಿ ವಿಶ್ವಸಂಸ್ಥೆಯಾದ ಫಿಫಾದವರನ್ನು ಆಕ್ಷೇಪಿಸುವುದೂ ಈಗ ಯುರೋಪಿನಲ್ಲಿ ನಿತ್ಯದ ನೋಟವಾಗಿದೆ. ಒಂದೇ ಜೋಡಿ ಎತ್ತನ್ನು ನಾಲ್ವರು ಒಕ್ಕಲಿಗರು ಬಾಡಿಗೆಗೆ ಹಿಡಿದು, ಪ್ರತಿಯೊಬ್ಬನೂ ತಾನು ಉತ್ತದ್ದು ಒಂದೇ ಎಕರೆಯೆಂದು ಪ್ರಮಾಣಮಾಡಿದಂತಿದೆ ಈ ಸಂಗತಿ. ನಮ್ಮ ಹಳ್ಳಿಗಳಲ್ಲಿ ಸೋಮವಾರ ಎತ್ತಿಗೆ ನೊಗ ಹೂಡುವುದಿಲ್ಲವೆಂಬ ಕಟ್ಟಳೆಯಾದರೂ ಉಂಟು. ಯಾವ ಹೊಲದವನು ಎಷ್ಟು ಅವಸರದಲ್ಲಿದ್ದರೂ ಆ ದಿನ ಎತ್ತು ಕೊಟ್ಟಿಗೆಯಲ್ಲಿಯೇ ಇರುತ್ತದೆ. ಕಾಲ್ಚೆಂಡಾಟದ ಪಂಚಾಂಗದಲ್ಲಿ ಅಂತಹ ಸೋಮವಾರವನ್ನು ಗೊತ್ತುಮಾಡುವ ಅಧಿಕಾರವುಳ್ಳವರು ಯಾರೂ ಇಲ್ಲದಿರುವುದೇ ಇಂದಿನ ರೋಗದ ಮೂಲವೆಂದು ನಮಗೆ ತೋರುತ್ತದೆ.

ಪಂಚಾಂಗವು ಹೇಗೆ ಬೆಳೆಯಿತೆಂಬುದನ್ನು ವಾಚಕರು ಸ್ವಲ್ಪ ಗಮನಿಸಬೇಕು. ಯುರೋಪಿನ ಚಾಂಪಿಯನ್ಸ್ ಲೀಗಿನಲ್ಲಿ 2023–24ರವರೆಗೆ 32 ತಂಡಗಳಿದ್ದು, ಒಟ್ಟು 125 ಪಂದ್ಯಗಳು ನಡೆಯುತ್ತಿದ್ದವು; ಮೊದಲ ಹಂತದಲ್ಲಿ ತಂಡವೊಂದಕ್ಕೆ 6 ಪಂದ್ಯ. 2024–25ರಿಂದ ತಂಡಗಳು 36, ಪಂದ್ಯಗಳು 189, ಮೊದಲ ಹಂತದಲ್ಲಿ ತಂಡಕ್ಕೆ 8. ಮೊದಲು 13 ಪಂದ್ಯಗಳಲ್ಲಿ ಕಪ್ಪು ಗೆಲ್ಲಬಹುದಾಗಿತ್ತು. ಪ್ಯಾರಿಸಿನವರು 2025ರಲ್ಲಿ ಅದನ್ನು ಗೆಲ್ಲಲು 17 ಪಂದ್ಯ ಆಡಿದರು. ಅದರ ಮೇಲೆ ಫಿಫಾದವರು ಕ್ಲಬ್ ವಿಶ್ವಕಪ್ಪನ್ನು 32 ತಂಡಗಳಿಗೆ ಹಿಗ್ಗಿಸಿ, ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ, ಅಂದರೆ ಆಟಗಾರರು ಮನೆಯಲ್ಲಿ ವಿಶ್ರಮಿಸುತ್ತಿದ್ದ ದಿನಗಳಲ್ಲಿ, ಅಮೆರಿಕಾದ ಬಿಸಿಲಿನಲ್ಲಿ ನಡೆಸಿದರು. ಕೊನೆಯವರೆಗೆ ಉಳಿದ ತಂಡಕ್ಕೆ ಅಲ್ಲಿ 7 ಪಂದ್ಯ. ರಾಷ್ಟ್ರಗಳ ವಿಶ್ವಕಪ್ಪಿನ ಗಾತ್ರವೂ 2026ರ ಹಂಗಾಮಿನಿಂದ 32 ತಂಡ, 64 ಪಂದ್ಯಗಳಿಂದ 48 ತಂಡ, 104 ಪಂದ್ಯಗಳಿಗೆ ಏರಿತು.

ಇದರಲ್ಲಿ ಅತ್ಯಂತ ಖೇದಕರವಾದ ಅಂಶವು ಬೇರೊಂದಿದೆ. ಫ್ರಾನ್ಸ್ ದೇಶದವರು ತಮ್ಮ ಮನೆಯ ಭಾರವನ್ನು ಪ್ರಾಮಾಣಿಕವಾಗಿ ಇಳಿಸಿದ್ದರು. 2020ರಲ್ಲಿ ಅಲ್ಲಿನ ಲೀಗ್ ಕಪ್ಪನ್ನು ನಿಲ್ಲಿಸಲಾಯಿತು. 2023ರಿಂದ ಪ್ರಥಮ ದರ್ಜೆಯ ಲೀಗಿನ ತಂಡಗಳನ್ನು 20ರಿಂದ 18ಕ್ಕೆ ಇಳಿಸಿದ್ದರಿಂದ ಪ್ರತಿ ತಂಡಕ್ಕೂ 4 ಪಂದ್ಯಗಳು ಕಡಿಮೆಯಾದವು. ಆಟಗಾರರಿಗೆ ಸಿಕ್ಕಬೇಕಾಗಿದ್ದ ಆ ಬಿಡುವು ಅವರ ಕೈಸೇರುವ ಮೊದಲೇ ಯುರೋಪಿನ ಒಕ್ಕೂಟವೂ ಫಿಫಾವೂ ಅದನ್ನು ಬಾಚಿಕೊಂಡವು. ಇಂಗ್ಲೆಂಡಿನಲ್ಲಿ ಇನ್ನೂ ವಿಚಿತ್ರ ನಡೆಯಿತು. ಎಫ್.ಎ. ಕಪ್ಪಿನಲ್ಲಿ ಪಂದ್ಯವು ಸಮವಾದರೆ ಮತ್ತೊಮ್ಮೆ ಆಡಿಸುವ ಪುರಾತನ ಪದ್ಧತಿಯನ್ನು 2024–25ರಿಂದ ಮುಖ್ಯ ಸುತ್ತುಗಳಲ್ಲಿ ರದ್ದುಗೊಳಿಸಿದರು. ಸಣ್ಣ ಊರಿನ ಬಡ ಕ್ಲಬ್ಬೊಂದು ದೊಡ್ಡವರೊಡನೆ ಸಮ ಮಾಡಿಕೊಂಡು, ಮರುಪಂದ್ಯದ ಟಿಕೀಟಿನ ಹಣದಿಂದ ವರ್ಷದ ಸಾಲ ತೀರಿಸುತ್ತಿದ್ದ ದಾರಿ ಅದು. ಆಟಗಾರರ ಕ್ಷೇಮದ ಹೆಸರಿನಲ್ಲಿ ಬಡವರ ತಟ್ಟೆಯಿಂದ ತೆಗೆದ ತುತ್ತು ಆಟಗಾರನ ಹೊಟ್ಟೆಗೂ ಬೀಳದೆ ಶ್ರೀಮಂತರ ಎಲೆಗೆ ಹೋಯಿತು. ಅದೇ ವರ್ಷ ಪ್ರೀಮಿಯರ್ ಲೀಗಿನವರು, 2020ರಲ್ಲಿ ತಾವೇ ಆರಂಭಿಸಿದ್ದ ಚಳಿಗಾಲದ ಬಿಡುವನ್ನೂ ತೆಗೆದುಹಾಕಿದರು.

ಚಳಿಗಾಲದ ಬಿಡುವೆಂದರೆ ವಿಲಾಸವಲ್ಲ. ಯುರೋಪಿನ ದೊಡ್ಡ ಕ್ಲಬ್ಬುಗಳ ಗಾಯಗಳನ್ನು 2001ರಿಂದ ಬಿಡದೆ ದಾಖಲುಮಾಡುತ್ತ ಬಂದಿರುವ ಸ್ವೀಡನ್ನಿನ ವೈದ್ಯ ಯಾನ್ ಎಕ್‌ಸ್ಟ್ರಾಂಡರೂ ಅವರ ಸಹಕಾರಿಗಳೂ ಪ್ರಕಟಿಸಿದ ಲೆಕ್ಕವಿದೆ. ಚಳಿಗಾಲದ ಬಿಡುವಿಲ್ಲದ ತಂಡಗಳು, ಬಿಡುವಿದ್ದ ತಂಡಗಳಿಗಿಂತ ಹಂಗಾಮಿಗೆ ಸರಾಸರಿ 303 ಆಟಗಾರ-ದಿನಗಳನ್ನು ಹೆಚ್ಚಾಗಿ ಗಾಯಗಳಿಗೆ ಕಳೆದುಕೊಂಡವು. ಅದೇ ದಾಖಲೆಯಿಂದ ಮತ್ತೊಂದು ಸಂಗತಿಯೂ ಹೊರಬಿದ್ದಿದೆ. 2001–02ರಲ್ಲಿ ಒಟ್ಟು ಗಾಯಗಳಲ್ಲಿ ತೊಡೆಯ ಹಿಂಭಾಗದ ಸ್ನಾಯುವಿನ ಪಾಲು ಶೇಕಡಾ 12 ಇದ್ದುದು 2021–22ಕ್ಕೆ ಶೇಕಡಾ 24 ಆಯಿತು. ಈ ಸ್ನಾಯು ಓಟದಲ್ಲಿ ಕಡಿವಾಣದಂತೆ ಕೆಲಸಮಾಡುತ್ತದೆ. ಕಾಲು ಮುಂದಕ್ಕೆ ಚಿಮ್ಮುವಾಗ ಅದನ್ನು ಹಿಡಿದು ನಿಲ್ಲಿಸುವುದು ಇದರ ಹೊಣೆ. ದಣಿದ ಸ್ನಾಯು ಆ ಸೆಳೆತವನ್ನು ತಾಳಲಾರದೆ ಹರಿಯುತ್ತದೆ. ಇಂದಿನ ಆಟದ ವೇಗವು ಹಿಂದಿಗಿಂತ ಬಹಳ ಹೆಚ್ಚಿರುವುದೂ ಇದಕ್ಕೆ ಕಾರಣವೆಂಬುದನ್ನು ನಾವು ಒಪ್ಪುತ್ತೇವೆ. ವೇಗವು ಹೆಚ್ಚಿದಷ್ಟೂ ವಿಶ್ರಾಂತಿಯನ್ನು ಹೆಚ್ಚಿಸಬೇಕಾದುದು ನ್ಯಾಯ. ನಡೆದಿರುವುದು ಅದಕ್ಕೆ ವಿರುದ್ಧ.

ಸ್ಕಾಟ್ಲೆಂಡಿನ ತಂಡವೊಂದರ ಆಟಗಾರರನ್ನು ಎರಡು ಹಂಗಾಮು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ವಿಷಯದಲ್ಲಿ ಕಣ್ಣು ತೆರೆಸುವಂತಹುದು. ವಾರಕ್ಕೆ ಒಂದು ಪಂದ್ಯವಾಡಿದಾಗ ಆಟದ ಪ್ರತಿ ಸಾವಿರ ಗಂಟೆಗಳಿಗೆ ಗಾಯಗಳು 4.1, ಎರಡು ಪಂದ್ಯವಾಡಿದಾಗ 25.6. ಆದರೆ ಓಡಿದ ದೂರವನ್ನೂ ಓಟದ ಬಿರುಸನ್ನೂ ಅಳೆದಾಗ ಹೇಳಿಕೊಳ್ಳುವಂತಹ ವ್ಯತ್ಯಾಸವೇ ಕಾಣಲಿಲ್ಲ. ಅಂದರೆ ಗ್ಯಾಲರಿಯಲ್ಲಿ ಕುಳಿತ ಪ್ರೇಕ್ಷಕನಿಗೂ, ಪಂದ್ಯದ ದೃಶ್ಯವನ್ನು ಮಾರುವ ವ್ಯಾಪಾರಿಗೂ ಆಟವು ಎಂದಿನಂತೆಯೇ ಕಾಣುತ್ತದೆ. ಒಳಗೆ ಕಾಲು ಸವೆಯುತ್ತಿರುವುದು ಅದು ಮುರಿಯುವ ದಿನದವರೆಗೆ ಯಾರಿಗೂ ಗೋಚರವಾಗುವುದಿಲ್ಲ. ಇಂತಹ ಹಾನಿಯನ್ನು ಮಾರುಕಟ್ಟೆಯು ತಾನಾಗಿ ತಡೆಯುವುದೆಂದು ನಂಬಿ ಕೂಡುವುದು ಸಾಧುವಲ್ಲ.

ಪ್ರತಿಯೊಂದು ಗಾಯವನ್ನೂ ಪಂಚಾಂಗದ ತಲೆಗೆ ಕಟ್ಟುವವರನ್ನು ನಾವು ಸಮರ್ಥಿಸುವುದಿಲ್ಲ. ಮ್ಯಾಂಚೆಸ್ಟರ್ ಸಿಟಿಯ ರೋಡ್ರಿಯವರು 2024ರ ಸೆಪ್ಟೆಂಬರ್ 17ರಂದು, ಆಟಗಾರರು ಮುಷ್ಕರಕ್ಕೆ ಸಮೀಪಿಸಿದ್ದಾರೆಂದೂ, ವರ್ಷಕ್ಕೆ 40ರಿಂದ 50 ಪಂದ್ಯಗಳಾಚೆಗೆ ಒಬ್ಬನ ಆಟವು ಕುಗ್ಗುವುದೆಂದೂ ಹೇಳಿದರು. ಐದೇ ದಿನಗಳಲ್ಲಿ ಆರ್ಸೆನಲ್ ಮೇಲಿನ ಪಂದ್ಯದಲ್ಲಿ ಅವರ ಮೊಣಕಾಲಿನ ಅಸ್ಥಿಬಂಧವು ಹರಿದು, ಮುಂದಿನ ಮೇ ತಿಂಗಳವರೆಗೆ ಅವರು ಕಣಕ್ಕೆ ಇಳಿಯಲಿಲ್ಲ. ಲೋಕವೆಲ್ಲ ಅದನ್ನು ಶಕುನದಂತೆ ಆಡಿಕೊಂಡಿತು. ಆದರೆ ಒಬ್ಬನ ಮೊಣಕಾಲು ಪುರಾವೆಯಾಗಲಾರದು. 2025ರ ಜುಲೈಯಲ್ಲಿ ಬಯರ್ನ್ ತಂಡದ ಜಮಾಲ್ ಮುಸಿಯಾಲರ ಕಾಲು ಮುರಿದದ್ದು ಎದುರಾಳಿ ಗೋಲ್‌ಕೀಪರನೊಡನೆ ಢಿಕ್ಕಿಯಾಗಿ. ಅದು ದಣಿವಿನ ಫಲವೆಂದು ಹೇಳಲಾಗದು. ಪಂದ್ಯಗಳು ಕೆಲವು ವಾರ ದಟ್ಟವಾದಾಗ ಗಾಯಗಳ ಒಟ್ಟು ಸಂಖ್ಯೆ ಏರಲಿಲ್ಲವೆಂದು ಕಂಡ ಅಧ್ಯಯನಗಳೂ ಉಂಟು. ಆದಾಗ್ಯೂ ಹಲವು ತಂಡಗಳ ಹಲವು ವರ್ಷಗಳ ಲೆಕ್ಕವನ್ನು ಒಟ್ಟಿಗೆ ನೋಡಿದಾಗ, ಎರಡು ಪಂದ್ಯಗಳ ನಡುವೆ ನಾಲ್ಕು ದಿನ ಅಥವಾ ಅದಕ್ಕೂ ಕಡಿಮೆ ಅಂತರವಿದ್ದಲ್ಲಿ, ಆರು ದಿನವೋ ಹೆಚ್ಚೋ ಇದ್ದುದಕ್ಕಿಂತ ಸ್ನಾಯುಗಳ ಗಾಯ ಹೆಚ್ಚೆಂಬುದು ಕಂಡುಬಂದಿದೆ.

ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಫಿಫಾದವರ ಔದಾರ್ಯವನ್ನು ತೂಗಿನೋಡೋಣ. ಮೇಲೆ ಹೇಳಿದ ನ್ಯೂಯಾರ್ಕಿನ ಅಂತಿಮ ಪಂದ್ಯದ ಸುಮಾರಿಗೆ ಸಭೆಯೊಂದನ್ನು ನಡೆಸಿ, ಎರಡು ಪಂದ್ಯಗಳ ನಡುವೆ ಕನಿಷ್ಠ 72 ಗಂಟೆಗಳ ವಿರಾಮವೂ ಹಂಗಾಮಿನ ಕೊನೆಗೆ ಕನಿಷ್ಠ 21 ದಿನಗಳ ರಜೆಯೂ ಇರಬೇಕೆಂಬ ಒಮ್ಮತವು ಮೂಡಿತೆಂದು ಅವರು ಪ್ರಕಟಿಸಿದರು. 72 ಗಂಟೆಯೆಂದರೆ ಮೂರು ದಿನ. ಯಾವ ಅಂತರವು ಹಾನಿಕರವೆಂದು ಲೆಕ್ಕಗಳು ಹೇಳುತ್ತಿವೆಯೋ ಅದಕ್ಕಿಂತಲೂ ಒಂದು ದಿನ ಕಡಿಮೆಯಾದುದನ್ನೇ ರಕ್ಷಣೆಯೆಂದು ಕರೆದಂತಾಯಿತು. ಇನ್ನು ಆ ಒಮ್ಮತವಾದರೂ ಯಾರದು? ಆಟಗಾರರ ಅಂತರರಾಷ್ಟ್ರೀಯ ಸಂಘವಾದ ಫಿಫ್‌ಪ್ರೊ ಸಂಸ್ಥೆಯು ತನಗೆ ಆ ಸಭೆಗೆ ಆಹ್ವಾನವೇ ಇರಲಿಲ್ಲವೆಂದು ಪ್ರತಿಭಟಿಸಿತು. ಮದುಮಗನಿಲ್ಲದೆ ಮದುವೆ ನಿಶ್ಚಯಿಸಿದ ಬೀಗರ ಕಥೆಯನ್ನು ನಾವು ಕೇಳಿದ್ದೆವು, ಈಗ ನೋಡಿದಂತಾಯಿತು.

ಫಿಫಾದವರ ಸಮಾಧಾನದಲ್ಲಿಯೂ ಹುರುಳಿಲ್ಲವೆಂದಲ್ಲ. ತಾವು ನಡೆಸುವ ಪಂದ್ಯಗಳು ಬಲು ಸ್ವಲ್ಪವೆಂದೂ, ಯುರೋಪಿನ ಕೆಲವು ಲೀಗುಗಳು ಒಂದು ಕಡೆ ದಣಿವಿನ ಮಾತಾಡುತ್ತ ಇನ್ನೊಂದು ಕಡೆ ಬೇಸಗೆಯಲ್ಲಿ ಖಂಡಾಂತರ ಪ್ರವಾಸಗಳ ಮೇಲೆ ಸ್ನೇಹಪಂದ್ಯಗಳನ್ನಾಡಲು ಹೊರಡುತ್ತವೆಯೆಂದೂ ಅವರು ಹೇಳುತ್ತಾರೆ. ಎರಡನೆಯ ಮಾತು ದಿಟವೇ. ದೇಶದ ತಂಡಗಳ ಪಂದ್ಯಗಳಿಗಾಗಿ ಸೆಪ್ಟೆಂಬರ್ ಮತ್ತು ಅಕ್ಟೋಬರುಗಳಲ್ಲಿದ್ದ ಎರಡು ಅವಧಿಗಳನ್ನು 2026ರಿಂದ ಒಂದಾಗಿ ಸೇರಿಸಿ ಪ್ರಯಾಣವನ್ನು ಕಡಿಮೆಮಾಡುವ ಅವರ ನಿರ್ಧಾರವೂ ಸಮಂಜಸವಾದುದೇ. ಆದರೆ 2025ರ ಕ್ಲಬ್ ವಿಶ್ವಕಪ್ಪಿಗೆ 100 ಕೋಟಿ ಡಾಲರುಗಳ ಬಹುಮಾನ ನಿಧಿಯನ್ನು ಒಡ್ಡಿದವರು ಯಾರು, ಅದನ್ನು ಹಂಚಿಕೊಳ್ಳಲು ಸಾಲುಗಟ್ಟಿ ನಿಂತವರು ಯಾರು ಎಂಬುದನ್ನು ನೋಡಿದರೆ, ಫಿಫಾದವರೂ ಕ್ಲಬ್ಬಿನವರೂ ಪರಸ್ಪರ ಹೇಳುವ ನೀತಿಯ ಬೆಲೆ ತಿಳಿಯುತ್ತದೆ. ದೇಶದ ಪರವಾಗಿ ಆಡುವಾಗ ಗಾಯಗೊಂಡು 28 ದಿನಗಳಿಗಿಂತ ಹೆಚ್ಚು ಮಲಗಿದ ಆಟಗಾರನ ಬಗೆಗೆ ಫಿಫಾ 2012ರಿಂದ ಪರಿಹಾರ ಕೊಡುತ್ತಿದೆ. ಅದು ಅವನ ಸಂಬಳದ ಬಾಬಿಗೆಂದು ಕ್ಲಬ್ಬಿನ ಖಜಾನೆಗೆ ಸೇರುತ್ತದೆ.

ಕೋಟಿಗಟ್ಟಲೆ ಸಂಪಾದಿಸುವವರಿಗಾಗಿ ಕಣ್ಣೀರೇಕೆಂದು ಕೆಲವು ಮಿತ್ರರು ಕೇಳಬಹುದು. 1948ರಲ್ಲಿ ನಮ್ಮ ದೇಶದಲ್ಲಿ ಕಾರಖಾನೆಗಳ ಕಾನೂನು ಬಂದು ವಾರಕ್ಕೆ 48 ಗಂಟೆಗಳ ಮಿತಿಯನ್ನೂ ವಾರದ ರಜೆಯನ್ನೂ ವಿಧಿಸಿದಾಗ, ಹೆಚ್ಚು ಕೂಲಿ ಪಡೆಯುವ ನಿಪುಣ ಕೆಲಸಗಾರನಿಗೆ ಅದು ಬೇಡವೆಂದು ಯಾರೂ ವಾದಿಸಲಿಲ್ಲ. ಸಂಬಳವು ದುಡಿಮೆಯ ಬೆಲೆಯೇ ಹೊರತು ಅಂಗಾಂಗದ ಕ್ರಯವಲ್ಲ. ಅಲ್ಲದೆ ಈ ಭಾರದಡಿ ಸಿಲುಕುವವರೆಲ್ಲ ಹೆಸರಾಂತರಲ್ಲ. ಸ್ಪೇನಿನ ಪೆದ್ರಿಯೆಂಬ ತರುಣನು 2020–21ರ ಹಂಗಾಮಿನಲ್ಲಿ ಬಾರ್ಸೆಲೋನಾದ ಪರವಾಗಿಯೇ 52 ಪಂದ್ಯಗಳನ್ನಾಡಿ, ಬೇಸಗೆಯಲ್ಲಿ ಯುರೋಪಿನ ಕಪ್ಪನ್ನೂ ಟೋಕಿಯೊ ಒಲಿಂಪಿಕ್ಸನ್ನೂ ಬೆನ್ನುಬೆನ್ನಿಗೆ ಆಡಿದಾಗ ಅವನ ವಯಸ್ಸು 18. ಮುಂದಿನ ಹಂಗಾಮಿನ ಬಹುಭಾಗವು ತೊಡೆಯ ಗಾಯಗಳ ಶುಶ್ರೂಷೆಯಲ್ಲಿ ಕಳೆಯಿತು. ಆ ವಯಸ್ಸಿನ ಹುಡುಗನು ಮೇಲಿನವರಿಗೆ ‘ಆಗದು’ ಎನ್ನಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ.

ತಂಡಗಳು ದೊಡ್ಡವು, ಆಟಗಾರರನ್ನು ಸರದಿಯ ಮೇಲೆ ಇಳಿಸಬಾರದೇಕೆ? 2022ರಿಂದ ಪಂದ್ಯಕ್ಕೆ ಐವರನ್ನು ಬದಲಿಸಲು ಕಾಯಂ ಅನುಮತಿಯಿದೆಯಲ್ಲ? ಇವು ಉಪಯುಕ್ತವಾದ ಉಪಾಯಗಳೇ. ಆದರೆ ಪಂದ್ಯಾವಳಿ ದೊಡ್ಡದಾದಷ್ಟೂ ಅದನ್ನು ಕೊಂಡವರು ಹೆಸರಾಂತ ಆಟಗಾರನನ್ನೇ ಕಣದಲ್ಲಿ ಕಾಣಬಯಸುತ್ತಾರೆ. ಆದಕಾರಣ ಹತ್ತು ಜನರಿಗೆ ಹಂಚಬೇಕಾದ ಭಾರವು ಇಬ್ಬರ ಮೇಲೆ ಬೀಳುತ್ತದೆ.

ನಮ್ಮ ದೇಶದ ಕಷ್ಟವಾದರೋ ವಿಲೋಮವಾದುದು. ಸೆಪ್ಟೆಂಬರಿನಲ್ಲಿ ಆರಂಭವಾಗುತ್ತಿದ್ದ ಇಂಡಿಯನ್ ಸೂಪರ್ ಲೀಗು 2025ರಲ್ಲಿ ಹಕ್ಕುಗಳ ಒಪ್ಪಂದದ ತಗಾದೆಗೆ ಸಿಕ್ಕಿ ಹೊತ್ತಿಗೆ ಆರಂಭವಾಗಲೇ ಇಲ್ಲ; ಬೆಂಗಳೂರಿನ ತಂಡವೂ ಸೇರಿ ಎಲ್ಲರೂ ತಿಂಗಳುಗಟ್ಟಲೆ ಕಾಯಬೇಕಾಯಿತು. ಬರಿದಾದ ಪಂಚಾಂಗವೂ ಕಾಲಿಗೆ ಹಿತಕರವಲ್ಲ. 2011ರಲ್ಲಿ ಅಮೆರಿಕಾದವರ ತಮ್ಮದೇ ಬಗೆಯ ಫುಟ್‌ಬಾಲಿನಲ್ಲಿ ಮಾಲಿಕರು ಬೀಗಮುದ್ರೆ ಹಾಕಿ, ರಾಜಿಯಾದ ಮೇಲೆ ಆಟಗಾರರನ್ನು ಅವಸರದಿಂದ ತಾಲೀಮಿಗೆ ಇಳಿಸಿದಾಗ, ಮೊದಲ 29 ದಿನಗಳಲ್ಲಿಯೇ 12 ಮಂದಿಯ ಹಿಮ್ಮಡಿಯ ನರವು ಕಿತ್ತುಹೋಯಿತು. ನಮ್ಮ ಒಕ್ಕೂಟದ ಅಧಿಕಾರಿಗಳು ತಡವಾದ ಹಂಗಾಮನ್ನು ಕೆಲವೇ ವಾರಗಳಲ್ಲಿ ತುರುಕಿ ಮುಗಿಸುವ ಯೋಚನೆ ಮಾಡುವಾಗಲೆಲ್ಲ ಈ ಲೆಕ್ಕವನ್ನು ಮುಂದಿಟ್ಟುಕೊಳ್ಳಬೇಕು.

ಯುರೋಪಿನ ಆಟಗಾರರ ಸಂಘವೂ ಲೀಗುಗಳೂ ಕೂಡಿ 2024ರ ಅಕ್ಟೋಬರ್ 14ರಂದು ಫಿಫಾದ ಮೇಲೆ ಯುರೋಪಿಯನ್ ಕಮಿಷನ್ನಿಗೆ ದೂರು ಕೊಟ್ಟವು. ನ್ಯಾಯಾಸ್ಥಾನಗಳು ಪಂದ್ಯದ ದಿನ ಗೊತ್ತುಮಾಡುವುದು ನಮಗೆ ಅಷ್ಟಾಗಿ ರುಚಿಸುವ ಸಂಗತಿಯಲ್ಲ. ಆದರೆ ಕಟ್ಟಳೆಯನ್ನು ಪಂದ್ಯಾವಳಿಗೆ ಹಾಕಿ ಪ್ರಯೋಜನವಿಲ್ಲವೆಂಬುದನ್ನು ಫ್ರಾನ್ಸಿನ ಅನುಭವವು ತೋರಿಸಿಕೊಟ್ಟಿದೆ. ಒಬ್ಬರು ಬಿಟ್ಟ ಜಾಗವನ್ನು ಇನ್ನೊಬ್ಬರು ಆಕ್ರಮಿಸುವರು. ಮಿತಿಯು ಆಟಗಾರನ ಹೆಸರಿಗೇ ಇರಬೇಕು: ಕ್ಲಬ್ಬಿಗಾಗಲಿ ದೇಶಕ್ಕಾಗಲಿ ಫಿಫಾಕ್ಕಾಗಲಿ, ವರ್ಷಕ್ಕೆ ಇಷ್ಟು ಪಂದ್ಯ, ಬೇಸಗೆಯಲ್ಲಿ ಅಖಂಡವಾಗಿ ನಾಲ್ಕು ವಾರ ರಜೆ. ಮಿತಿಯು ಮುಗಿದವನನ್ನು ಯಾರು ಕರೆದರೂ ಕಳುಹಿಸಕೂಡದು. ಈಗಿನ ಅಂತರರಾಷ್ಟ್ರೀಯ ಪಂಚಾಂಗವನ್ನು ಫಿಫಾದವರು 2023ರ ಮಾರ್ಚಿಯಲ್ಲಿ, 2030ರವರೆಗಿನ ಅವಧಿಗೆ ಮಂಜೂರು ಮಾಡಿದ್ದಾರೆ. ಅದರ ಮುಂದಿನದನ್ನು ಬರೆಯಲು ಕೂಡುವ ಸಭೆಯಲ್ಲಿ ಆಟಗಾರರ ಪ್ರತಿನಿಧಿಗಳಿಗೆ ಆಸನವೂ ಮತವೂ ಇರಬೇಕೆಂದು ಫಿಫಾದವರನ್ನು ನಾವು ಆಗ್ರಹಪಡಿಸುತ್ತೇವೆ.